ಆಯ್ತಪ್ಪನ ಬಾಯಲ್ಲಿ ಬೇರೆಯವರ ದನಿ

ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಆಯ್ತಪ್ಪ ಎಂದೇ ಕರೆಯುತ್ತಿದ್ದರು. ಯಾರು ಏನು ಹೇಳಿದರೂ ‘ಆಯ್ತು’ ಎನ್ನುತ್ತಿದ್ದ. ವಯಸ್ಸು ಮೂವತ್ತು ದಾಟಿತ್ತು. ಆಟಿಸಂ ಇದೆಯೆಂದು ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಹೊದಿಕೆ ಮಡಚಲು ನಿಂತರೆ ಅಂಚು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗುತ್ತಿರಲಿಲ್ಲ. ಮಾತು ಮಾತ್ರ ಹೆಚ್ಚಾಗಿ ಎರವಲು. ಕೇಳಿದ ಪ್ರಶ್ನೆಯ ಬಾಲವನ್ನೇ ಹಿಡಿದು ಉತ್ತರ ಮಾಡಿ ಕೊಡುತ್ತಿದ್ದ.

ಅವನಿದ್ದದ್ದು ಅಕ್ಕನ ಜೊತೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಆಕೆ ವಾರಕ್ಕೊಮ್ಮೆ ಅವನನ್ನು ಮಾತಿನ ತರಬೇತಿಗೆ ಕರೆದೊಯ್ಯುತ್ತಿದ್ದಳು. ‘ಮೀಸೆ ಬಂದವನಿಗೆ ಈಗ ಅ ಆ ಇ ಈ ಕಲಿಸ್ತಾರಾ?’ ಎಂದು ಪಕ್ಕದ ಮನೆಯಾಕೆ ನಕ್ಕಿದ್ದುಂಟು. ಆದರೆ ತರಬೇತಿಯ ಮೇಡಂ ಕಲಿಸುತ್ತಿದ್ದದ್ದು ‘ಬೇಡ’ ಎನ್ನುವುದನ್ನು. ಅದೊಂದು ಅವನ ನಾಲಗೆಗೆ ಹತ್ತುತ್ತಿರಲಿಲ್ಲ. ಮೇಡಂನ ಸದ್ದಿಲ್ಲದ ಕೋಣೆಯಲ್ಲಿ ಒಮ್ಮೊಮ್ಮೆ ಬರುತ್ತಿತ್ತು, ಹೊರಗೆ ಬಂದೊಡನೆ ಮಾಯ.

ಇದ್ದಕ್ಕಿದ್ದಂತೆ ಅವನು ಬಚ್ಚಲಿನ ಬಾಗಿಲು ಹಾಕಿಕೊಳ್ಳುವುದನ್ನು ಬಿಟ್ಟ. ಅಕ್ಕ ಬೀರು ಮುಚ್ಚಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಮೊಣಕೈ ನೀಲಿಗಟ್ಟಿತ್ತು.

‘ಯಾರಾದ್ರೂ ಹೊಡೆದ್ರೇನೋ?’

‘ಹೊಡೆದ್ರು.’

‘ಇಲ್ಲಾ, ನೀನೇ ಬಿದ್ಯಾ?’

‘ಬಿದ್ಯಾ.’

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ.

ಒಂದು ಭಾನುವಾರ ಅವಳು ತರಕಾರಿ ಹೆಚ್ಚುತ್ತಿದ್ದಳು. ಬೆನ್ನ ಹಿಂದೆಯೇ ಯಾರೋ ಗಂಡಸಿನ ಗೊಗ್ಗರು ದನಿ ಕೇಳಿಸಿತು: ‘ಒಳಗೆ ನುಗ್ಗೋ, ಏನೂ ಆಗಲ್ಲ. ಹೊರಗೆ ಬಾಯಿ ಬಿಟ್ಟೀಯಾ, ಜೋಕೆ!’

ತಿರುಗಿ ನೋಡಿದರೆ ತಮ್ಮನೊಬ್ಬನೇ ನಿಂತಿದ್ದ. ದನಿ ಮಾತ್ರ ಅವನದಲ್ಲ. ಹೆಚ್ಚುತ್ತಿದ್ದುದನ್ನು ಅಲ್ಲೇ ಬಿಟ್ಟು, ಅವಳು ಅವನನ್ನು ಮೇಡಂ ಬಳಿಗೆ ಕರೆದೊಯ್ದಳು.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ‘ಇದು ಯಾರೋ ಇವನಿಗೆ ಅಂದ ಮಾತು, ಹಾಗೇ ಎತ್ತಿಟ್ಕೊಂಡಿದಾನೆ. ಹೌದಾ ಅಲ್ವಾ ಅಂತ ಕೇಳೋಕೆ ಹೋಗ್ಬೇಡಿ. ನಾವು ಕೇಳಿದ್ದನ್ನೇ ಒಪ್ಕೊಂಡ್ಬಿಡ್ತಾನೆ.’

ಕೆಲಸದ ಮಾತುಗಳನ್ನು ಅಭ್ಯಾಸ ಮಾಡಿಸಲೆಂದು ಅವರು ಹಿಂದೆಯೇ ಲಾಂಡ್ರಿಯ ಫೋಟೋಗಳನ್ನು ತರಿಸಿಕೊಂಡಿದ್ದರು. ಅವನ್ನೇ ಮೇಜಿನ ಮೇಲೆ ಹರಡಿ, ತುಟಿ ಎರಡು ಮಾಡದೆ ಕೂತರು. ಅವನು ಬಹಳ ಹೊತ್ತು ನೋಡಿದ. ದೊಡ್ಡ ಒಗೆಯುವ ಯಂತ್ರದ ಫೋಟೋವನ್ನು ಬೋರಲು ಹಾಕಿದ. ಆಮೇಲೆ ಮೇಜಿನ ಕೆಳಗೆ ತೂರಿ, ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಮುದುಡಿ ಕೂತ. ಬಾಯಿಂದ ಸದ್ದು ಬಂತು: ಗುರ್ರ್... ಗುರ್ರ್... ಅದರೊಂದಿಗೇ ಇಡೀ ಮೈ ನಿಧಾನವಾಗಿ ಒಂದು ಪಕ್ಕಕ್ಕೆ ಉರುಳಿತು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಮರುದಿನ ಇಬ್ಬರೂ ಅವನ ಜೊತೆ ಲಾಂಡ್ರಿಗೆ ಹೋದರು. ಮಾಲೀಕರನ್ನೂ ಕೆಲಸ ಮಾಡಿಸುವ ಸೂಪರ್‌ವೈಸರ್‌ನನ್ನೂ ಯಂತ್ರದ ಬಳಿಗೆ ಕರೆಸಿ, ಇವನನ್ನು ಒಳಗೆ ಇಳಿಸಿದ್ದು ಯಾರೆಂದು ಕೇಳಿದರು. ಸೂಪರ್‌ವೈಸರ್ ಬಾಯಿ ತೆರೆದದ್ದೇ ತಡ, ಅಡುಗೆಮನೆಯ ದನಿ ಯಾರದೆಂದು ಅಕ್ಕನಿಗೆ ತಿಳಿಯಿತು.

‘ಒಳಗೆ ಬಟ್ಟೆ ಸಿಕ್ಕಾಕ್ಕೊಂಡ್ರೆ ಯಾರಾದ್ರೂ ತೆಗೀಬೇಕಲ್ಲ? ಬಲವಂತ ಯಾರು ಮಾಡಿದ್ರು? ಅವನನ್ನೇ ಕೇಳಿ. ಏನಪ್ಪಾ, ಒಳಗೆ ಹೋಗ್ತೀಯಾ?’

‘ಆಯ್ತು.’

ಯಾರೂ ಏನೂ ಹೇಳುವ ಮೊದಲೇ ಅವನು ಚಪ್ಪಲಿ ಬಿಟ್ಟು, ಎರಡನ್ನೂ ಗೋಡೆಗೆ ಜೋಡಿಸಿಟ್ಟು, ತಲೆ ಬಗ್ಗಿಸಿ ಯಂತ್ರದ ಬಾಯಿಗೆ ಕೈ ಹಾಕಿದ. ಎಷ್ಟೋ ಸಲ ಮಾಡಿ ರೂಢಿಯಾದವನ ಹಾಗೆ. ಅಕ್ಕ ಓಡಿಹೋಗಿ ಅವನ ಸೊಂಟ ತಬ್ಬಿ ಹಿಂದಕ್ಕೆ ಎಳೆದಳು.

ಆಗ ಅಲ್ಲೇ ಇಸ್ತ್ರಿ ಹಾಕುತ್ತಿದ್ದ ಹೆಂಗಸೊಬ್ಬಳು ಮುಂದೆ ಬಂದಳು. ‘ಬಾಗಿಲಿನ ಲಾಕ್ ಕೆಟ್ಟು ಯಾವ ಕಾಲವಾಯ್ತು! ಬಾಗಿಲು ತೆಗೆದಿದ್ರೂ ಅದು ತಿರುಗುತ್ತೆ ಸಾರ್. ಬಟ್ಟೆ ಮೇಲೆ ಬರಲಿ ಅಂತ ಈ ಸೂಪರ್‌ವೈಸರ್ ಸ್ವಿಚ್ ಹಾಕಿದ್ರು, ಆಯ್ತಪ್ಪ ಒಳಗೇ ಇದ್ದ. ನಾನು ಹೋಗಿ ಆರಿಸ್ದೆ. ಕೆಲಸ ಹೋಗುತ್ತೆ ಅಂತ ಇಷ್ಟು ದಿನ ಸುಮ್ನಿದ್ದೆ.’

ಮಾಲೀಕರು ಯಂತ್ರದ ಮೇನ್ ಸ್ವಿಚ್ಚನ್ನು ತಾವೇ ಆರಿಸಿದರು. ಸೂಪರ್‌ವೈಸರ್‌ನನ್ನು ಅಂದೇ ಮನೆಗೆ ಕಳಿಸಿದರು. ಯಂತ್ರ ರಿಪೇರಿಯಾಯಿತು. ಮೇಡಂ ತಮ್ಮ ತರಬೇತಿಯನ್ನು ಲಾಂಡ್ರಿಗೇ ತಂದರು. ಉಗಿ, ಗದ್ದಲ, ನುಗ್ಗಾಟದ ನಡುವೆಯೇ ಬಾರದ ಮಾತನ್ನು ಬರಿಸಬೇಕಿತ್ತು. ತಿಂಗಳುಗಳು ಹಿಡಿದವು. ಕಡೆಗೊಂದು ದಿನ ಹೊಸ ಸೂಪರ್‌ವೈಸರ್ ಒದ್ದೆ ಬಟ್ಟೆಯ ಗಂಟು ತೋರಿಸಿ ‘ಎತ್ತುತ್ತೀಯಾ?’ ಎಂದಾಗ, ಅವನ ತುಟಿ ಬಹಳ ಹೊತ್ತು ಅದುರಿ, ‘ಬೇಡ. ಭಾರ’ ಎಂಬ ಮಾತು ಹೊರಬಿತ್ತು. ಆತ ಕಾದು ಕೇಳಿಸಿಕೊಂಡು, ಗಂಟನ್ನು ತಾನೇ ಎತ್ತಿದ.

ಅದೇ ವಾರ ಇಸ್ತ್ರಿಯ ಹೆಂಗಸು ಸುದ್ದಿ ತಂದಳು: ಹಳೆಯವನಿಗೆ ಸೇತುವೆಯಾಚೆಯ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲೊಬ್ಬಳು ಮಾತು ಬಾರದ ಹುಡುಗಿಯಿದ್ದಾಳಂತೆ. ಅಕ್ಕ ಕೂಡಲೇ ಅಲ್ಲಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿದಳು.

‘ನಮ್ಮಲ್ಲಿ ಹಾಗೆಲ್ಲ ಏನೂ ಇಲ್ಲಮ್ಮ. ನಾವು ಹೇಳಿದ ಮಾತನ್ನ ಆ ಹುಡುಗಿ ತೆಗೆದುಹಾಕೋದೇ ಇಲ್ಲ,’ ಎಂದು ನಕ್ಕು, ಅತ್ತ ಕಡೆಯವರು ಫೋನ್ ಇಟ್ಟರು.

ಅಕ್ಕ ಚಪ್ಪಲಿ ಮೆಟ್ಟಿ ಸೇತುವೆಯ ದಾರಿ ಹಿಡಿದಳು.