ಬಾಣಂತಿಯ ಬಚ್ಚಲಿಗೆ ಗಾಳಿ

ಗ್ಯಾಸಿನ ಗೀಸರು ಕೊಳ್ಳುವವರು ಮೊದಲು ಡಬ್ಬಿಯ ಹೊಳಪು ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ನನ್ನನ್ನು ಕೇಳಿದರೆ ಮೊದಲು ನಿಮ್ಮ ಬಚ್ಚಲಿನ ಗೋಡೆ ನೋಡಿ ಎನ್ನುತ್ತೇನೆ. ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ, ಅಷ್ಟು ನೋಡಿಕೊಂಡು ಆಮೇಲೆ ಚೌಕಾಸಿಗೆ ಇಳಿಯಿರಿ. ಈ ಬುದ್ಧಿ ನನಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಸಿಂದಗಿಯ ಒಂದು ಮನೆಯ ಬಚ್ಚಲ ಬಾಗಿಲಾಚೆ ನಿಂತಾಗ.

ಆಗ ಇಂಡಿ ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸ್ಟೋವ್ ರಿಪೇರಿ ಅಂಗಡಿ. ಹಿರಿಯರ ಹೊಲವಿಲ್ಲ, ಮನೆಯಿಲ್ಲ. ಸೊಲ್ಲಾಪುರದಲ್ಲಿ ಎರಡು ವರ್ಷ ಕಲಿತ ಗ್ಯಾಸ್ ಒಲೆಯ ಕೆಲಸವೇ ಬಂಡವಾಳ. ಮುದ್ದೇಬಿಹಾಳ, ಬಾಗೇವಾಡಿ ಕಡೆಯವರೂ ಪಂಪಿನ ಸ್ಟೋವನ್ನು ಕೈಚೀಲದಲ್ಲಿ ಹಾಕಿಕೊಂಡು ನನ್ನ ಬಳಿ ಬರುತ್ತಿದ್ದರು.

ಸಿಂದಗಿಯಲ್ಲಿ ಕಾಳುಕಡಿಯ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿ ಇಟ್ಟಿದ್ದ ಸಾಹುಕಾರರ ಮಗಳು ಚೊಚ್ಚಲ ಹೆರಿಗೆಗೆ ಮುಂಬಯಿಯಿಂದ ತವರಿಗೆ ಬಂದಿದ್ದಳು. ಗೋಡೆಯ ಮೇಲಿನ ಡಬ್ಬಿಯಿಂದ ಬಿಸಿನೀರು ಬರುವುದನ್ನು ರೂಢಿ ಮಾಡಿಕೊಂಡವಳು, ಹಂಡೆಯ ಹೊಗೆ ಅವಳ ಕಣ್ಣಿಗೆ ಆಗುತ್ತಿರಲಿಲ್ಲ. ಸಾಹುಕಾರರು ನನಗೆ ಹೇಳಿ ಕಳಿಸಿದರು. ಸೊಲ್ಲಾಪುರದಲ್ಲಿ ಮುಚ್ಚಿಹೋದ ಲಾಡ್ಜೊಂದರ ಗೀಸರು ಮಾರಾಟಕ್ಕಿತ್ತು. ಮೂರು ಸಲ ಬೇಡವೆಂದು ಎದ್ದು ಹೊರಟು, ಮೂರು ಸಲ ಮಾರುವವರಿಂದಲೇ ಕೂಗಿಸಿಕೊಂಡು ಅದನ್ನು ಕೊಂಡು ತಂದೆ.

ಬಚ್ಚಲಿನ ಒಳಗೋಡೆಗೆ ಜೋಡಿಸಿದ ದಿನವೇ ಮಾನ ಹೋಗುವುದರಲ್ಲಿತ್ತು. ಕಡ್ಡಿ ಗೀರಿ ಒಳಗಿನ ಸಣ್ಣ ಉರಿ ಹೊತ್ತಿಸಿದೆ, ನಳ ತಿರುವಿದೆ. ದೊಡ್ಡ ಉರಿ ಹತ್ತಲೇ ಇಲ್ಲ.

"ಏನ್ ಮಿಸ್ತ್ರಿ, ಆ ಲಾಡ್ಜ್ ಯಾಕ ಮುಚ್ಚಿತು ಅಂತ ಈಗ ಗೊತ್ತಾತು ನೋಡು" ಎಂದರು ಸಾಹುಕಾರರು.

ತಪ್ಪು ಡಬ್ಬಿಯದಲ್ಲ. ಈ ಗೀಸರಿನೊಳಗೆ ಒಂದು ರಬ್ಬರಿನ ಪೊರೆ ಇರುತ್ತದೆ. ನೀರು ಜೋರಾಗಿ ಬಂದು ಅದನ್ನು ತಳ್ಳಿದರೇ ಗ್ಯಾಸಿನ ಬಾಯಿ ತೆರೆಯುವುದು. ಇವರ ನೀರಿನ ಡ್ರಮ್ಮು ಬಚ್ಚಲಿನ ಗಿಡ್ಡ ಮಾಳಿಗೆಯ ಮೇಲಿತ್ತು. ಅದನ್ನು ದೊಡ್ಡ ಮಾಳಿಗೆಗೆ ಏರಿಸಿ, ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ ಮೇಲೆ ಉರಿ ಬುಸ್ಸೆಂದು ಹತ್ತಿತು, ನೀಲಿ ಬಣ್ಣದಲ್ಲಿ. ಸಿಲಿಂಡರನ್ನು ಹಿತ್ತಲಲ್ಲಿ ಇಟ್ಟೆ. ಕೊಳವೆಯ ಕೂಡುಗಳಿಗೆಲ್ಲ ಸಾಬೂನಿನ ನೊರೆ ಬಳಿದು, ಗುಳ್ಳೆ ಏಳುವುದಿಲ್ಲವೆಂದು ತೋರಿಸಿದೆ. ಗ್ಯಾಸು ಸೋರುತ್ತಿದೆಯೇ ಎಂದು ನೋಡಲು ಕಡ್ಡಿ ಗೀರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹೆರಿಗೆಯಾಯಿತು, ಹೆಣ್ಣು ಕೂಸು. ಕೆಲವು ದಿನ ಕಳೆದಿರಬೇಕು, ಬೆಳಗಿನ ಮೊದಲ ಬಸ್ಸಿಗೆ ಸಾಹುಕಾರರು ತಾವೇ ನನ್ನ ಅಂಗಡಿಗೆ ಬಂದರು. ಮುಖ ಬಾಡಿತ್ತು.

"ಎರಕೊಂಡು ಬಂದ ಕೂಡ್ಲೆ ಹುಡುಗಿಗೆ ತಲಿ ಸಿಡೀತೈತಿ, ವಾಂತಿ ಆಗತೈತಿ. ತುತ್ತು ಅನ್ನ ಇಳೀವಲ್ದು. ನಿನ್ನೆ ಬಚ್ಚಲದಾಗ ಕುಂತಲ್ಲೇ ಕಣ್ಣಿಗಿ ಕತ್ತಲಿ ಬಂದು ಉರುಳಿದ್ಳು. ಪುಣ್ಯಾಕ್ಕ ಕೂಸು ನಮ್ಮವ್ವನ ಕಾಲ ಮ್ಯಾಲಿತ್ತು. ನಮ್ಮವ್ವ ದೃಷ್ಟಿ ತಗದ್ಳು. ಡಾಕ್ಟರು ಅಶಕ್ತಿ ಅಂದ್ರು."

"ಬೆಳಕಿಂಡಿ ತಗದಿಟ್ಟೀರೇನ್ರಿ?"

"ಬಾಣಂತಿ ಬಚ್ಚಲದಾಗ ಗಾಳಿ ಬಿಡ್ತಾರೇನೋ ಮಾರಾಯ!"

ಮುಚ್ಚಿದ ಕೋಣೆಯಲ್ಲಿ ಗ್ಯಾಸು ಉರಿದರೆ ಕಣ್ಣಿಗೆ ಕಾಣದ, ವಾಸನೆಯಿಲ್ಲದ ಒಂದು ವಿಷದ ಗಾಳಿ ಹುಟ್ಟುತ್ತದೆ, ಮನುಷ್ಯ ನಿದ್ದೆ ಬಂದಂತೆ ಕುಸಿಯುತ್ತಾನೆ ಎಂದು ಸೊಲ್ಲಾಪುರದ ಉಸ್ತಾದರು ಹೇಳಿದ್ದರು. ನಾನೇ ಜೋಡಿಸಿದ ಡಬ್ಬಿ, ಅದರ ಕೆಳಗೆ ತಾಯಿ ಮಗು. ಅಂಗಡಿಗೆ ಬೀಗ ಹಾಕಿ ಅವರ ಜೊತೆಗೇ ಬಸ್ಸು ಹತ್ತಿದೆ.

ನಾವು ಮುಟ್ಟುವಷ್ಟರಲ್ಲಿ ಎರೆಯುವುದು ಶುರುವಾಗಿತ್ತು. ಬಾಗಿಲು ಹಾಕಿತ್ತು. ಒಳಗೆ ಬಾಣಂತಿ, ಕೂಸು, ಸಾಹುಕಾರರ ತಾಯಿ. ಗಂಡಸು ಅಲ್ಲಿ ಕಾಲಿಡುವಂತಿಲ್ಲ. ಹೊರಗಿನಿಂದಲೇ ಕೂಗಿದೆ:

"ಅವ್ವಾರ, ಉರಿ ಯಾವ ಬಣ್ಣ ಐತ್ರಿ?"

"ಯಾರಂವ, ಬಾಣಂತಿ ಬಚ್ಚಲ ಮುಂದ ನಿಂತು ಒದರಾಂವ?"

"ನಾ ಗೀಸರ್ ಮಿಸ್ತ್ರಿ ರೀ. ಬಣ್ಣ ಹೇಳ್ರಿ ಮೊದಲ."

"ನೀ ಹಚ್ಚಿಕೊಟ್ಟಾಗ ನೀಲಿ ಇತ್ತು, ದೆವ್ವದ ಕೊಳ್ಳಿ ಇದ್ದಂಗ. ಈಗ ಚಲೋ ಹಳದಿ ಆಗೇತಿ, ದೇವರ ಮುಂದಿನ ದೀಪ ಇದ್ದಂಗ."

ಹಳದಿ ಉರಿ ಎಂದರೆ ಗಾಳಿ ಸಾಲದ ಉರಿ.

"ಬಾಗಿಲ ತಗದು ಹೊರಗ ಬರ್ರಿ ಅವ್ವಾರ, ಈಗಿಂದೀಗ!"

"ಗಾಳಿ ಬಡದ್ರ ನೀ ಬಂದು ಬಾಣಂತನಾ ಮಾಡ್ತೀ ಏನೋ ಭಾಡ್ಯಾ?"

ಎತ್ತಿನ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದವನು ನಾನು. ಆದರೆ ಆ ಬಾಗಿಲ ಮುಂದೆ ವಾದಕ್ಕೆ ಹೊತ್ತಿರಲಿಲ್ಲ. ಹಿತ್ತಲಿಗೆ ಓಡಿ ಸಿಲಿಂಡರು ಬಂದ್ ಮಾಡಿದೆ. ಗಾಳಿಗಿಂತ ತಣ್ಣೀರಿಗೆ ಮುದುಕಿ ಹೆಚ್ಚು ಹೆದರುತ್ತಾಳೆಂದು ನನ್ನ ಅಂದಾಜು.

"ಅಯ್ಯಯ್ಯ, ನೀರು ತಣ್ಣಗಾದ್ವು!" ಒಳಗೆ ಗದ್ದಲವೆದ್ದಿತು. ಬಾಗಿಲು ದಡಾರನೆ ತೆರೆಯಿತು. ನಾನು ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಂತೆ. ಕಂಬಳಿ ಸುತ್ತಿದ ಬಾಣಂತಿಯನ್ನು ಮನೆಯ ಹೆಂಗಸರು ಆಚೀಚೆ ಹಿಡಿದು ನಡೆಸಿಕೊಂಡು ಹೋದರು. ಕೂಸು ಕಿರ್ರನೆ ಕಿರುಚಿತು. ಅಷ್ಟು ಸಿಹಿಯಾದ ಅಳುವನ್ನು ನಾನು ಕೇಳಿರಲಿಲ್ಲ.

ಹೊಗೆ ಹೋಗಲೆಂದು ತುಸು ಕಾದು ಒಳಗೆ ನೋಡಿದೆ. ಬೆಳಕಿಂಡಿಗೆ ಗೋಣಿತಟ್ಟು ತುರುಕಿತ್ತು. ಹೊಗೆ ಹೋಗಲು ನಾನು ಇಟ್ಟಿದ್ದ ತಗಡಿನ ಕೊಳವೆಗೂ ಕೌದಿಯ ಚಿಂದಿ. ಬಾಗಿಲ ಸಂದಿಗೆ ಹಳೆಯ ಸೀರೆ. ಡಬ್ಬಿಯ ನೆತ್ತಿ ಮಸಿ ಹಿಡಿದಿತ್ತು. ಯಾರನ್ನು ಬೈಯುವುದು? ಪ್ರೀತಿಯಿಂದಲೇ ಮುಚ್ಚಿದ್ದರು. ಮುಚ್ಚಬೇಡಿ ಎಂದು ಅಂದೇ ಬಾಯಿಬಿಟ್ಟು ಹೇಳದವನು ನಾನು.

ಕಾರಣ ಬಿಡಿಸಿ ಹೇಳಿದರೂ ಮುದುಕಿ ಸೋಲಲಿಲ್ಲ. "ಹದಿನಾಕು ಬಾಣಂತನಾ ಮಾಡೇನಿ. ಒಮ್ಮಿನೂ ಕಿಂಡಿ ತಗದಿಲ್ಲ."

"ಹಂಡೇದ ಒಲಿ ಬಾಯಿ ಎಲ್ಲಿತ್ರಿ ಅವ್ವಾರ?"

"ಎಲ್ಲಿರತೈತಿ? ಹೊರಗ, ಹಿತ್ತಲದಾಗ."

"ಉರಿ ಹೊರಗಿತ್ತು, ಅದಕ್ಕ ನಿಮ್ಮ ಹದಿನಾಕೂ ಸಸೂತ್ರ ಆದ್ವು. ಇದೂ ಒಲೀನ ಅಲ್ರೀ? ಇದನ್ನೂ ಹೊರಗ ಹಾಕ್ತೇನಿ. ನೀವು ಬಾಗಿಲ ಹಾಕ್ಕೊಳ್ರಿ. ಕಿಂಡಿ ಮಾತ್ರ ಒಂದು ಗೇಣು ಬಿಡ್ರಿ."

"ನಾಕು ಬೆರಳು ಬಿಡ್ತೇನಿ."

"ಗೇಣು."

"ನಿನ್ನ ಗೇಣಲ್ಲ, ನನ್ನ ಗೇಣು" ಎಂದು ಕೈ ಅಗಲಿಸಿ ತೋರಿಸಿದರು. ಸಣ್ಣ ಕೈ, ಆದರೂ ಒಪ್ಪಿಕೊಂಡೆ. ಉರಿಯೇ ಹೊರಗಿದ್ದಮೇಲೆ ಅಷ್ಟು ಸಾಕಿತ್ತು.

ಗೀಸರನ್ನು ಹಿತ್ತಲ ಗೋಡೆಗೆ ಸಿಕ್ಕಿಸಿ, ಮೇಲೊಂದು ತಗಡು ಹೊದಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಗೋಡೆ ಕೊರೆದು ಒಳಗೆ ಬಿಟ್ಟೆ. ಮಸಿಯೆಲ್ಲ ಉಜ್ಜಿ ತೆಗೆದೆ. ಮರುದಿನ ನಾನೇ ಉರಿ ಹೊತ್ತಿಸಿ ಪಕ್ಕದಲ್ಲೇ ಕುಳಿತೆ. ಎರೆದು ಮುಗಿಯುವವರೆಗೂ ಉರಿ ನೀಲಿಯಾಗಿಯೇ ಇತ್ತು. ನಿಮ್ಮ ಮನೆಯ ಉರಿ ಹಳದಿ ತಿರುಗಿದರೆ, ಯಾರಿಗಾದರೂ ತಲೆ ಸುತ್ತಿದರೆ, ಮೊದಲು ಅವರನ್ನು ಹೊರಗೆ ತನ್ನಿ, ಗ್ಯಾಸು ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಮಿಸ್ತ್ರಿಗೆ ಆಮೇಲೆ ಹೇಳಿ ಕಳಿಸಿ.

ಅಂದು ಎರೆದುಕೊಂಡು ಬಾಣಂತಿ ಕೋಣೆ ಸೇರಿದಳು. ಸಾಹುಕಾರರು ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು, ಮಡಚಲು ಮರೆತು. ನಾನು ಕಿವಿಗೊಟ್ಟು ಕುಳಿತಿದ್ದೆ. ವಾಂತಿಯ ಸದ್ದಿಲ್ಲ, ನರಳಾಟವಿಲ್ಲ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಹುಡುಗಿಯ ದನಿ ಬಂತು:

"ಅಜ್ಜೀ, ಹಸಿವಿ ಆಗೇತಿ. ಅಂಟಿನುಂಡಿ ಎಲ್ಲಿಟ್ಟೀ?"

"ಒಂದ ತಿನ್ನು, ಅರಗ್ಲಿ."

"ಎರಡ ಕೊಡಬೇ!"