ಒಂದೇ ಕೈಬರಹದ ಇಪ್ಪತ್ತೆಂಟು ಉತ್ತರಗಳು

ಗಂಗಾವತಿಯ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವಿದ್ಯಾರ್ಥಿಗಳು ತುಂಬಿಕೊಟ್ಟ ನಮೂನೆಗಳನ್ನು ಬಸ್ಸಿನಲ್ಲಿ ಬಿಚ್ಚಿ ನೋಡಿದರೆ, ಎಲ್ಲವೂ ಒಂದೇ ಕೈಬರಹ. ಉತ್ತರಗಳು ಬೇರೆ ಬೇರೆ, ಅಕ್ಷರ ಮಾತ್ರ ಒಬ್ಬರದೇ, ಮುತ್ತು ಪೋಣಿಸಿದಂತೆ. ಕೊಪ್ಪಳ ಮುಟ್ಟುವವರೆಗೂ ನನ್ನ ತಲೆ ಕೆಟ್ಟಿತ್ತು.

ಮಂಡ್ಯದಿಂದ ನಾನಿಲ್ಲಿಗೆ ಬಂದದ್ದು ಒಂದು ವರ್ಷದ ಸಮೀಕ್ಷೆಗೆ. ಕಾಲೇಜು ನಿಮ್ಮದೆನಿಸುತ್ತದೆಯೇ, ಭೇದಭಾವ ಉಂಟೇ, ಅನಿಸಿದ್ದನ್ನು ಹೇಳಬಹುದೇ ಎಂದು ವಿದ್ಯಾರ್ಥಿಗಳನ್ನು ಕೇಳುವ ಕೆಲಸ. ನಮ್ಮ ಕಡೆ ಬಾಡಿಗೆ ಮನೆ ಕೊಡುವವರು ಜಾತಿಯನ್ನು ಸುತ್ತಿ ಬಳಸಿ ಕೇಳುತ್ತಾರೆ. ಇಲ್ಲಿ ಮನೆಯೊಡತಿ ಶಾಂತಮ್ಮ ಬಾಗಿಲಲ್ಲೇ "ಯಾರ ಪೈಕಿ ನೀವು?" ಎಂದರು, ಅಂದರೆ ಯಾವ ಜನ ಎಂದು. ಹೇಳುವುದಿಲ್ಲ ಎಂದೆ. "ಬ್ಯಾಡ ಬಿಡ್ರಿ. ಉಂಡೀರಿಲ್ಲ?" ಎಂದು ರೊಟ್ಟಿ, ಪುಂಡಿಪಲ್ಯ ಮುಂದಿಟ್ಟರು. ಮುದ್ದೆ ನುಂಗಿ ರೂಢಿಯಾದ ನನಗೆ ಆ ಕಟಕ್ ರೊಟ್ಟಿ ಅಗಿಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿತ್ತು. ಉಳಿದರ್ಧ ಇನ್ನೂ ಇದೆ.

ನಮೂನೆ ಬಿಚ್ಚಿ ನೋಡಿದ ಮರುದಿನ ಆ ತರಗತಿಗೆ ಹೋಗಿ ಗದರಿದೆ. "ಯಾರದನ್ನು ಯಾರೂ ನೋಡಬಾರದು ಅಂತ ಹೇಳಿರಲಿಲ್ವಾ?"

ನವಲಿಯ ರೇಣುಕಾ ಎದ್ದು ನಿಂತಳು. ಅರ್ಜಿಯೇ ಇರಲಿ, ಕಾಗದವೇ ಇರಲಿ, ಅಕ್ಷರ ಚೆನ್ನಾಗಿರುವವರ ಎದುರು ಕೂತು ಬರೆಸುವುದು ಇಲ್ಲಿನ ವಾಡಿಕೆ. ಆದರೆ ಅವಳು ಕೊಟ್ಟ ಕಾರಣ ಬೇರೆ.

"ಹೆಸರು ಬ್ಯಾಡ ಅಂದ್ರಿ ನೀವು. ಆದ್ರ ನಮ್ಮ ಸರ್ ಅಕ್ಷರ ನೋಡೇ ಯಾರದಂತ ಹೇಳ್ತಾರ್ರಿ. ಅದಕ್ಕ ಎಲ್ಲಾರೂ ಹೇಳ್ಯಾರ, ನಾ ಬರದೀನಿ."

"ನಿನ್ನ ಕೈ ಅಂತ ಗೊತ್ತಾಗಲ್ವಾ?"

"ನನ್ನ ಕೈ ಅಂತ ಗೊತ್ತಾಗತೈತ್ರಿ. ನನ್ನ ಮಾತು ಯಾವುದಂತ ಗೊತ್ತಾಗಂಗಿಲ್ಲ."

ನಾನು ಹೆಸರಿಲ್ಲದ ನಮೂನೆಯನ್ನು ನಂಬಿದ್ದೆ. ಅವರು ಒಬ್ಬರನ್ನೊಬ್ಬರು ನಂಬಿದ್ದರು. ನಾಚಿಕೆಯಾಯಿತು.

ಅಂದು ಮಧ್ಯಾಹ್ನವೇ ಆ ಸರ್ ನನ್ನ ಮೇಜಿನಿಂದ ನಮೂನೆಗಳ ಕಟ್ಟನ್ನು ಕೇಳದೆಯೇ ಎತ್ತಿಕೊಂಡರು. 'ಹಾಸ್ಟೆಲಿನಲ್ಲಿ ನನ್ನ ಊಟದ ತಾಟು ಬೇರೆ ಇಡುತ್ತಾರೆ' ಎಂಬ ಸಾಲಿನ ಮೇಲೆ ಅವರ ಬೆರಳು ನಿಂತಿತು. ಯಾರೂ ಸಿಕ್ಕಿಬೀಳುವುದಿಲ್ಲ ಎಂದು ಮಾತು ಕೊಟ್ಟವಳು ನಾನು.

"ಇದು ರೇಣುಕಾನ ಅಕ್ಷರ. ಆಕಿದೇನ್ರಿ ಇದು?"

"ಎಲ್ಲವೂ ಅವಳ ಅಕ್ಷರವೇ ಸರ್."

ಅವರು ಒಂದೊಂದೇ ಹಾಳೆ ತಿರುವಿದರು. ಕಟ್ಟನ್ನು ಮೇಜಿನ ಮೇಲಿಟ್ಟು, "ತಾಟಿನ ಮಾತು ಖರೇನ?" ಎಂದರು.

"ನೀವೇ ಒಂದು ದಿನ ಅಲ್ಲಿ ಊಟಕ್ಕೆ ಹೋಗಿ ನೋಡಿ ಸರ್" ಎಂದೆ.

ಅವರು ಊಟಕ್ಕೆ ಹೋದರು. ಬೇರೆ ಇಟ್ಟ ತಾಟು ಒಂದಲ್ಲ, ಹಲವಿದ್ದವಂತೆ. ಆಮೇಲೆ ತಾಟುಗಳೆಲ್ಲ ಒಂದೇ ಕಡೆ ಬಂದವಂತೆ. ಮನಸ್ಸುಗಳು ಬಂದವೋ ಇಲ್ಲವೋ ನಾನರಿಯೆ. ಆ ಸಾಲು ಯಾರದೆಂದು ಮಾತ್ರ ಬರೆದವಳನ್ನು ಬಿಟ್ಟು ಇಂದಿಗೂ ಯಾರಿಗೂ ಗೊತ್ತಾಗಿಲ್ಲ, ನನಗೂ. ಕೊಟ್ಟ ಮಾತನ್ನು ಉಳಿಸಿಕೊಟ್ಟ ಆ ಹುಡುಗಿಗೆ ನಾನು ಋಣಿ.

ಆ ಕಾಲೇಜಿನ ಕೆಲಸ ಮುಗಿದ ದಿನ ರೇಣುಕಾ ಖಾಲಿ ನಮೂನೆಯೊಂದನ್ನು ಹಿಡಿದು ಎದುರು ಕೂತಳು. "ನಿಮ್ದೊಂದು ಉಳೀತಲ್ರಿ ಅಕ್ಕಾರ. ಇದು ನಿಮ್ಮ ಜಾಗ ಅನಸತೈತೇನು? ಹೇಳ್ರಿ, ಬರಕೊಂತೀನಿ."

ಸಮೀಕ್ಷೆಯ ನಿಯಮಕ್ಕೆ ಇದು ಶುದ್ಧ ತಪ್ಪು. ಆದರೂ ಹೇಳಿದೆ. "ಇಲ್ಲಿ ಪೂರ್ತಿ ಅನಿಸಲ್ಲ. ಹೋದ ತಿಂಗಳು ಮಂಡ್ಯಕ್ಕೆ ಹೋಗಿದ್ದೆ, ಅಲ್ಲೂ ಈಗ ಪೂರ್ತಿ ಅನಿಸಲಿಲ್ಲ."

ಅವಳು ಅದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು, ಕಟ್ಟಿನ ನಡುವೆ ಸೇರಿಸಿದಳು.

"ಇಂಥವು ಇದರಾಗ ಭಾಳ ಅದಾವ್ರಿ. ನಿಮ್ದು ಯಾವುದಂತ ಗೊತ್ತಾಗಂಗಿಲ್ಲ."