ಅನ್ನದಾನಯ್ಯನವರ ಫೋನ್ ಪರೀಕ್ಷೆ

ಕಾಶಿಯ ನಮ್ಮ ಕನ್ನಡ ಮಠದ ಮ್ಯಾನೇಜರ್ ಅನ್ನದಾನಯ್ಯನವರ ಭಕ್ತಿಯಲ್ಲಿ ಮೊದಲ ಪಾಲು ವಿಶ್ವನಾಥನಿಗೆ, ಎರಡನೆಯದು ಅವರ ಫೋನ್ ಕಂಪನಿಗೆ. ಇಲ್ಲಿಗೆ ವರ್ಗವಾಗಿ ಬಂದ ನಮ್ಮಂಥ ಬ್ಯಾಂಕಿನವರು ಬೇರೆ ಕಂಪನಿಯ ಫೋನ್ ತೋರಿಸಿದರೆ ಅವರು ಹಳಸಿದ ಪ್ರಸಾದ ಕಂಡಂತೆ ಮುಖ ಮಾಡುತ್ತಾರೆ. ಕ್ಯಾಮೆರಾ, ಜಿಬಿ ಯಾವುದನ್ನೂ ಕೇಳುವುದಿಲ್ಲ, ಅದರ ಬೆನ್ನು ಮುಟ್ಟಿ ನೋಡಿ, "ಬಿಸಿ ತಡೀತೈತೇನ್ರಿ ಇದು?" ಅಂತಾರೆ. ಸೋನಾರ್‌ಪುರದ ಅಂಗಡಿಯಲ್ಲಿ ಹೊಸ ಫೋನನ್ನು ಡಬ್ಬಿಯಿಂದ ತೆಗೆಸಿ ಮೇ ತಿಂಗಳ ಬಿಸಿಲಿಗಿಟ್ಟು ಕಾಯುತ್ತಾರೆ. "ಚಾಚಾ, ಫೋನ್ ಹೈ, ಪಾಪಡ್ ನಹೀ!" ಒಣಗಿಸಲು ಇದೇನು ಹಪ್ಪಳವೇ ಎಂದು ಅಂಗಡಿಯವನು ಹಣೆ ಚಚ್ಚಿಕೊಳ್ಳುತ್ತಾನೆ. ಇದೆಂಥ ಹುಚ್ಚು ಎಂದು ನಾನೂ ನಗುತ್ತಿದ್ದೆ, ಹರಿಶ್ಚಂದ್ರ ಘಾಟಿನಲ್ಲಿ ಅವರನ್ನು ಕಾಣುವವರೆಗೆ. ಯಾತ್ರೆಗೆ ಬಂದು ಇಲ್ಲೇ ತೀರಿಕೊಂಡವರ ಚಿತೆಯೆದುರು, ಊರಲ್ಲೇ ಉಳಿದ ಮಕ್ಕಳಿಗಾಗಿ ವಿಡಿಯೊ ಕಾಲ್ ಹಿಡಿದು ನಿಲ್ಲುವವರು ಅವರೇ. ಝಳಕ್ಕೆ ಫೋನು ನಡುವೆ ಆಫ್ ಆದರೆ ಆ ಮಕ್ಕಳಿಗೆ ಇನ್ನೊಮ್ಮೆ ನೋಡಲು ಏನೂ ಉಳಿದಿರುವುದಿಲ್ಲ. "ಇನ್ನೊಂಚೂರು ಹತ್ತರ ಹಿಡೀರಿ ಕಾಕಾ, ಅಪ್ಪ ಕಾಣವಲ್ಲ," ಎಂದು ಆ ಕಡೆಯಿಂದ ಮಗಳೊಬ್ಬಳು ಅಳುತ್ತಾಳೆ. ಅನ್ನದಾನಯ್ಯನವರು ಮುಖಕ್ಕೆ ಶಲ್ಯ ಸುತ್ತಿಕೊಂಡು, ಫೋನು ಹಿಡಿದ ಬರಿಗೈಯನ್ನು ಬೆಂಕಿಯತ್ತ ಚಾಚಿ, ಒಂದು ಹೆಜ್ಜೆ ಮುಂದಿಡುತ್ತಾರೆ.